ಪದ್ಮಮ್ಮನವರ ಮೇಲಿನ ಕೌದಿ

ತಿರುಮಲಮ್ಮನವರ ಮೊದಲನೆಯ ಕೌದಿ ಎಮ್ಮೆಯ ಪಾಲಾಗಿತ್ತು.

ಇದು ಅಲಂಕಾರದ ಮಾತಲ್ಲ. ಕುಷ್ಟಗಿಯ ಕಡೆಯಿಂದ ಕಾಶೀವಾಸಕ್ಕೆಂದು ಬಂದ ಮೊದಲ ವರ್ಷ ಅವರು ಹೊಲಿದ ಕೌದಿಯನ್ನು ಛತ್ರದ ಕೆಳಗಿನ ಕೋಣೆಯಲ್ಲಿ ಕೊನೆಯುಸಿರೆಳೆಯುತ್ತಿದ್ದ ಮುದುಕಿಯೊಬ್ಬರಿಗೆ ತಾವಾಗಿಯೇ ಹೊದಿಸಿದ್ದರು. ಮುದುಕಿ ತೀರಿಕೊಂಡರು, ಕೌದಿ ಅವರೊಡನೆ ಹರಿಶ್ಚಂದ್ರ ಘಾಟಿನ ಸ್ಮಶಾನಕ್ಕೆ ಹೋಯಿತು. ಹದಿನೈದು ದಿನಗಳ ಮೇಲೆ ಕೇದಾರ ಘಾಟಿನಲ್ಲಿ ಸ್ನಾನ ಮುಗಿಸಿ ಬರುತ್ತಿದ್ದಾಗ, ಮೆಟ್ಟಿಲ ಮೇಲೆ ಚಳಿಗೆ ಮುದುಡಿ ನಿಂತಿದ್ದ ಎಮ್ಮೆಯೊಂದರ ಬೆನ್ನಮೇಲೆ ಅವರಿಗೆ ತಮ್ಮದೇ ಹೊಲಿಗೆ ಕಾಣಿಸಿತು. ಎಮ್ಮೆ ಮೆಲುಕು ಹಾಕುತ್ತಾ ಅವರನ್ನೇ ನೋಡುತ್ತಿತ್ತು. ಅದರ ಮುಖದಲ್ಲಿದ್ದ ನೆಮ್ಮದಿಯನ್ನು ಅವರು ಎಂದಿಗೂ ಕ್ಷಮಿಸಲಿಲ್ಲ.

ಛತ್ರದ ಕಟ್ಟುಪಾಡೇ ಹಾಗಿತ್ತು. ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ತುಳಸೀತೀರ್ಥ ಬಿಟ್ಟಾಗ ಮೈಮೇಲೆ ಯಾವ ಹೊದಿಕೆಯಿರುತ್ತದೆಯೋ ಅದು ಆ ಕ್ಷಣದಿಂದ ಘಾಟಿಗೆ ಸೇರಿದ್ದು. ಸತ್ತರೆ ಹೆಣದೊಂದಿಗೆ ಹೋಗಬೇಕು, ಅಲ್ಲಿ ಅದು ಸ್ಮಶಾನದವರ ಪಾಲು. ಅಪ್ಪಿತಪ್ಪಿ ಬದುಕಿದರೂ ಅದನ್ನು ಮತ್ತೆ ಯಾರೂ ಹೊದೆಯುವಂತಿಲ್ಲ, ಗಂಗೆಗೆ ಬಿಡಬೇಕು.

ಅಪ್ಪಿತಪ್ಪಿ ಬದುಕುವುದರಲ್ಲಿ ಪದ್ಮಮ್ಮನವರನ್ನು ಮೀರಿಸುವವರಿರಲಿಲ್ಲ. ನಂಜನಗೂಡಿನ ಕಡೆಯ ಈ ಎಪ್ಪತ್ತೆರಡು ವರ್ಷದ ವಿಧವೆ, ಮೈಸೂರಿನ ನಾಗರತ್ನಮ್ಮ ಮತ್ತು ತಿರುಮಲಮ್ಮ ಛತ್ರದ ಮಹಡಿಯ ಒಂದೇ ಕೋಣೆಯಲ್ಲಿದ್ದರು. ಕಳೆದ ಎರಡು ಚಳಿಗಾಲಗಳಲ್ಲಿ ಪದ್ಮಮ್ಮನವರು ಎರಡು ಸಲ ತೀರ್ಥ ಕುಡಿದು, ಎರಡು ಸಲವೂ ಮರುದಿನ ಬೆಳಿಗ್ಗೆ ಎದ್ದು ಕುಳಿತು ಕಾಫಿ ಕೇಳಿದ್ದರು. ಛತ್ರದ ಎರಡು ಒಳ್ಳೆಯ ಅರಳೆ ತುಂಬಿದ ರಜಾಯಿಗಳು ಹೀಗೆ ಹೊಳೆಗೆ ಹೋಗಿದ್ದವು. ಮೂರನೆಯದನ್ನು ಕೊಡಲು ಛತ್ರದವರು ಸಿದ್ಧರಿರಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯ ನವರಾತ್ರಿ ಮುಗಿದ ವಾರ ತಿರುಮಲಮ್ಮನವರು ಎರಡನೆಯ ಕೌದಿಗೆ ಕೈಹಾಕಿದರು. ಇದು ತಮಗೆ, ತಮಗೊಬ್ಬರಿಗೇ ಎಂದು ಮೊದಲೇ ಸಾರಿದರು. ಅದಕ್ಕೆ ಕಾರಣವಿತ್ತು. ಬಲಗಣ್ಣಿನ ಮುಂದೆ ಆಗಲೇ ಹೊಗೆ ಕವಿದಿತ್ತು. ಎಡಗಣ್ಣಿನಲ್ಲಿಯೂ ಪೊರೆ ಬೆಳೆಯುತ್ತಿತ್ತು. ಮುಂದಿನ ಚಳಿಗಾಲದ ಹೊತ್ತಿಗೆ ಸೂಜಿಯ ತುದಿ ಯಾವುದು, ತಮ್ಮ ಬೆರಳು ಯಾವುದು ಎಂಬುದು ತಿಳಿಯದಂತಾಗುತ್ತದೆ. ಬದುಕಿನಲ್ಲಿ ಹೊಲಿಯಬಹುದಾದ ಕೊನೆಯ ಕೌದಿ ಇದು. ಇದರಡಿಯಲ್ಲಿ ತಾವು ಬೆಚ್ಚಗೆ ಮಲಗಬೇಕು. ಅವರು ವಿಶ್ವನಾಥನಲ್ಲಿ ಬೇರೇನನ್ನೂ ಕೇಳಿರಲಿಲ್ಲ.

ಮೊದಲ ಕೆಲಸ ಚಿಂದಿ ಕೂಡಿಸುವುದು. ಮದನಪುರದ ಗಲ್ಲಿಯಲ್ಲಿ ಇದ್ರೀಸ್ ಎಂಬ ದರ್ಜಿಯಿದ್ದ. ಅವನ ಹೊಲಿಗೆ ಯಂತ್ರದ ಕೆಳಗೆ ಬಿದ್ದಿದ್ದ ರವಿಕೆ, ಕುರ್ತಾ, ಲಂಗಗಳ ತುಂಡುಗಳನ್ನು ಅವರು ಒಂದು ಗೋಣಿ ತುಂಬ ಹೊತ್ತು ತಂದರು. ಬಾಗಿಲಲ್ಲೇ ನಾಗರತ್ನಮ್ಮ ತಡೆದರು.

"ಎಲ್ಲಿಂದ ತಂದ್ರಿ ಇದು? ಯಾರ್‍ಯಾರು ಮುಟ್ಟಿದ್ದೋ ಏನೋ! ಮಡಿ ಮೈಲಿಗೆ ಒಂದೂ ಇಲ್ವೇನ್ರೀ ನಿಮ್ಮ ಕಡೆ?"

"ಗಂಗಾದಾಗ ಅದ್ದಿ ತರ್ತೀನಿ. ಊರ ಮಂದಿ ಪಾಪ ತೊಳಿಯೋ ನೀರು, ನಾಕು ಚಿಂದಿ ತೊಳಿಯೂದಿಲ್ಲೇನು?"

ಗಂಗೆ ಚಿಂದಿಯನ್ನು ತೊಳೆದಳು. ಜೊತೆಗೆ ಒಂದು ಅಗ್ಗದ ಕೆಂಪು ಛೀಟು ಬಟ್ಟೆಯ ಬಣ್ಣವನ್ನು ಬಿಡಿಸಿ ಬಿಳಿಯ ತುಂಡುಗಳಿಗೆಲ್ಲ ಬಳಿದಳು. ಮಾಳಿಗೆಯ ಮೇಲೆ ಒಣಗಲು ಹರಡಿದ್ದನ್ನು ಕೋತಿಗಳು ಪಕ್ಕದ ಮೂರು ಮಾಳಿಗೆಗಳಿಗೆ ಹಂಚಿದವು. ಬಂಗಾಲಿ ಟೋಲಾದ ಮನೆಮನೆಯ ಬಾಗಿಲು ತಟ್ಟಿ, ತಮ್ಮ ಮುರುಕು ಹಿಂದಿಯಲ್ಲಿ "ಹಮಾರಾ ಚಿಂದಿ ಬಂದರ್ ಲಾಯಾ" ಎಂದು ವಿವರಿಸಿ, ಒಂದೊಂದು ತುಂಡನ್ನೂ ಅವರು ಮರಳಿ ತಂದರು. ಎರಡು ದಿನ ಹಿಡಿಯಿತು.

ಎರಡು ಸವೆದ ಹತ್ತಿಯ ಸೀರೆಗಳನ್ನು ಒಂದಕ್ಕೊಂದು ಜೋಡಿಸಿ ನೆಲದ ಮೇಲೆ ಹಾಸಿ, ಮೇಲೆ ಹಳೆಯ ಪಂಚೆಗಳ ಎರಡು ಪದರ ಹರಡಿ, ಅದರ ಮೇಲೆ ಚಿಂದಿಗಳನ್ನು ಜೋಡಿಸಬೇಕು. ಪ್ರತಿ ತುಂಡಿನ ಅಂಚನ್ನೂ ಒಳಕ್ಕೆ ಮಡಚಿ, ಒಂದು ಮೂಲೆಯಿಂದ ಸಣ್ಣ ಓಡುಹೊಲಿಗೆ ಹಿಡಿದು, ನಾಲ್ಕೂ ಅಂಚು ಸುತ್ತಿ, ಸುತ್ತು ಸುತ್ತಾಗಿ ಒಳಗೆ ಬರುತ್ತಾ ನಡುವಿನಲ್ಲಿ ಮುಗಿಸಬೇಕು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಕಿರುಬೆರಳು ಮಾತ್ರ ಹಿಡಿಸಬೇಕು. ಕೈ ಇದನ್ನು ಬಲ್ಲದು; ಕಣ್ಣು ಒಪ್ಪುತ್ತಿರಲಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಕೊಡುವ ಕೆಲಸ ನಾಗರತ್ನಮ್ಮನವರದಾಯಿತು. ಅವರು ಅದನ್ನು ಮಾಡುತ್ತಿದ್ದರು, ಆದರೆ ಸುಮ್ಮನೆ ಮಾಡುತ್ತಿರಲಿಲ್ಲ.

"ರಾಜಾ ಮಾರ್ಕೆಟಿನಲ್ಲಿ ಒಳ್ಳೇ ರಜಾಯಿ ಸಿಗುತ್ತೆ ಕಣ್ರೀ. ಕಣ್ಣು ಕಳಕೊಂಡು ಇದನ್ನ ಯಾಕೆ ಹೊಲೀತೀರೋ!"

"ರಜಾಯಿದಾಗಿನ ಹತ್ತಿ ಒಂದs ಕಡೆ ಗುಂಪ ಕೂಡ್ತದ್ರಿ. ಕಾಲಿಗಿ ಹೊಚ್ಚಿದ್ರ ಎದಿಗಿಲ್ಲ, ಎದಿಗಿ ಹೊಚ್ಚಿದ್ರ ಕಾಲಿಗಿಲ್ಲ. ಕೌದಿ ಹಂಗಲ್ಲ."

ಹಾಸಿಗೆಯಲ್ಲಿ ಒರಗಿ ಕುಳಿತ ಪದ್ಮಮ್ಮನವರದು ಬೇರೆ ರಾಗ. "ಅಲ್ಲಿ ಹಸಿರು ಬೇಡ ಕಣ್ರೀ ತಿರುಮಲಮ್ಮನೋರೇ. ಹಸಿರಿನ ಪಕ್ಕ ನೇರಳೆ ಹಾಕಿದರೆ ಕಣ್ಣಿಗೆ ಹೊಡೆಯುತ್ತೆ."

"ನನ್ನ ಕಣ್ಣಿಗಿ ಏನೂ ಹೊಡಿಯೂದಿಲ್ಲ. ಕಾಣಿಸಿದ್ರ ಹೊಡಿಯೂದು."

"ನಮಗೆ ಕಾಣಿಸುತ್ತಲ್ಲ!"

"ಹಂಗಾದ್ರ ಆ ಕಡೆ ಹೊಳ್ಳಿ ಮಲಕ್ಕೋರಿ!"

ಕಾರ್ತೀಕ ಹೀಗೆ ಕಳೆಯಿತು. ಮಾರ್ಗಶಿರದಲ್ಲಿ ಒಂದು ದಿನ ತಿರುಮಲಮ್ಮನವರು ಸ್ನಾನಕ್ಕೆ ಹೋಗಿದ್ದಾಗ, ಉಪಕಾರ ಮಾಡುವ ಹುಮ್ಮಸ್ಸಿನಿಂದ ನಾಗರತ್ನಮ್ಮನವರು ಮೂರು ಸಾಲು ಹೊಲಿದಿಟ್ಟರು. ಹೊಲಿಗೆ ಒಂದೊಂದೂ ಅಕ್ಕಿಯ ಕಾಳಿನಷ್ಟಿರಬೇಕಾದಲ್ಲಿ ಹುರುಳಿಕಾಯಿಯಷ್ಟಿತ್ತು. ಸಾಲು ಹಾವಿನಂತೆ ಹರಿದಿತ್ತು. ತಿರುಮಲಮ್ಮನವರು ಬೆರಳಿನಿಂದ ತಡವಿ ನೋಡಿದರು. ಕತ್ತರಿ ತೆಗೆದುಕೊಂಡರು. ಮೂರು ಸಾಲು ಬಿಚ್ಚುವುದರಲ್ಲಿ ಎರಡು ಹಗಲು ಕಳೆದವು. ಆ ಎರಡು ಹಗಲೂ ನಾಗರತ್ನಮ್ಮನವರು ಮುನಿಸಿಕೊಂಡು ಸೂಜಿಗೆ ದಾರ ಪೋಣಿಸಲಿಲ್ಲ. ಮೂರನೆಯ ದಿನ ತಿರುಮಲಮ್ಮನವರೇ ಸೋತು, "ನಿಮ್ಮ ಹೊಲಿಗಿ ಛಂದನ ಇತ್ತು, ನನಗೇ ಸರಿ ಕಾಣ್ಲಿಲ್ಲ" ಎಂದು ಹಲ್ಲು ಕಚ್ಚಿ ಹೇಳಬೇಕಾಯಿತು.

ಸಂಕ್ರಾಂತಿ ಕಳೆದು ಆರನೆಯ ದಿನ, ಪುಷ್ಯ ಶುದ್ಧ ಅಷ್ಟಮಿ. ನಾಲ್ಕು ಮೂಲೆಗೂ ಕೆಂಪು ಮುಮ್ಮೂಲೆಯ ತುಂಡು ಕೂತಿತ್ತು. ನಡುವಿನಲ್ಲಿ ಗೇಣುದ್ದದ ಜಾಗ ಮಾತ್ರ ಉಳಿದಿತ್ತು. ತಿರುಮಲಮ್ಮನವರ ಸೀಮೆಯಲ್ಲಿ ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಅದರೊಳಗೆ ಒಂದು ಚೂರು ರೊಟ್ಟಿಯಿಟ್ಟು ಮುಚ್ಚಬೇಕು. ಹಸಿದ ಕೌದಿ ಚಳಿ ತಡೆಯುವುದಿಲ್ಲವೆಂದು ನಂಬಿಕೆ. ಜೋಳ ಅಪರೂಪವಾದ ಊರಿನಲ್ಲಿ ಗೋಧಿ ರೊಟ್ಟಿಯಾದರೂ ಆದೀತೆಂದು ಅವರು ಕೆಳಗಿಳಿದರು. ಕಲ್ಲಿದ್ದಲ ಒಲೆ ಹೊತ್ತಿಕೊಳ್ಳಲು ಮೊಂಡು ಹಿಡಿಯಿತು. ಹೊಗೆ ಕುಡಿದು, ಊದಿ, ಬೈದು, ಒಂದು ರೊಟ್ಟಿ ಸುಟ್ಟುಕೊಂಡು ಮೇಲೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

ಚಾಪೆಯ ಮೇಲೆ ಕೌದಿ ಇರಲಿಲ್ಲ.

ಅದು ಪದ್ಮಮ್ಮನವರ ಮೇಲಿತ್ತು. ಗಲ್ಲದವರೆಗೆ ಎಳೆದು ಎರಡೂ ಪಕ್ಕ ಒತ್ತರಿಸಿ ಹೊದಿಸಲಾಗಿತ್ತು.

"ಯಾರ್ ಹೊಚ್ಚಿದ್ರಿ ಇದನ್ನ?"

"ನಾನೇ ಕಣ್ರೀ," ಎಂದರು ನಾಗರತ್ನಮ್ಮ. "ಬೆಳಿಗ್ಗೆಯಿಂದ ಮಂಕಾಗಿದ್ರು, ನೀವು ಹೊಲಿಗೆ ಬಿಟ್ಟು ತಲೆಯೆತ್ತಿದ್ರೆ ತಾನೆ? ಈಗ ಹಲ್ಲು ಕಟಕಟ ಅಂತಿದೆ. ಮೈ ಮುಟ್ಟಿ ನೋಡಿ, ಕೆಂಡ. ಈ ಸಲ ಪದ್ಮಮ್ಮನೋರು ಹೊರಟೇಬಿಟ್ರು."

"ಹ್ವಾದ ವರ್ಷನೂ ಹೊಂಟಿದ್ರು. ಅದರ ಹಿಂದಿನ ವರ್ಷನೂ ಹೊಂಟಿದ್ರು."

"ಈ ಸಲ ನಿಜ. ಉಸಿರು ಕೇಳಿ."

ತಿರುಮಲಮ್ಮನವರು ಬಾಗಿ ಕಿವಿಗೊಟ್ಟರು. ಹಸಿಯ ಮರದಲ್ಲಿ ಗರಗಸ ಸಿಕ್ಕಿಕೊಂಡಂತಹ ಸದ್ದು. ಹಿಂದಿನ ಎರಡು ವರ್ಷ ಇಂತಹ ಸದ್ದಿರಲಿಲ್ಲ.

"ನಿಮ್ಮ ರಜಾಯಿ ಹೊಚ್ಚಬೇಕಿತ್ತು."

"ನನ್ನದು ಹೊದಿಸಿದ್ರೆ ನಾನು ಏನು ಹೊದೆಯೋದು?" ನಾಗರತ್ನಮ್ಮನವರ ಮುಖದಲ್ಲಿ ಕಪಟವಿರಲಿಲ್ಲ, ಅದೇ ಹೆಚ್ಚು ರೇಗಿಸುವಂತಿತ್ತು. "ವೆಂಕಟರಾಮಯ್ಯನವರು ಶ್ರಾದ್ಧಕ್ಕೆ ಅಂತ ರಾಮನಗರಕ್ಕೆ ಹೋಗಿದ್ದಾರೆ. ಹೇಳಿಕಳಿಸಿದ್ದೀನಿ. ಮೂರು ಗಂಟೆಗೆ ಬರ್ತಾರೆ. ಅಲ್ಲೀವರೆಗೆ ತಡೆಯದಿದ್ರೆ ನಾನೇ ಬಿಡ್ತೀನಿ." ಅವರ ಪಕ್ಕದಲ್ಲಿ ತಾಮ್ರದ ಪುಟ್ಟ ಬಟ್ಟಲಿತ್ತು. ಛತ್ರದ ಪುರೋಹಿತರಾದ ವೆಂಕಟರಾಮಯ್ಯನವರು ಬೆಳಗಿನ ಪೂಜೆಯಲ್ಲಿ ಮಾಡಿಟ್ಟುಹೋದ ತೀರ್ಥ. ಮೇಲೆ ಒಂದು ತುಳಸಿದಳ ತೇಲುತ್ತಿತ್ತು.

ಗಡಿಯಾರದಲ್ಲಿ ಹನ್ನೊಂದಾಗಿತ್ತು. ಇನ್ನು ನಾಲ್ಕು ಗಂಟೆ, ಅಥವಾ ನಾಗರತ್ನಮ್ಮನವರು ಹೆದರಿಕೊಳ್ಳುವವರೆಗೆ.

ತಿರುಮಲಮ್ಮನವರು ಕೌದಿಯ ಒಂದು ಅಂಚು ಹಿಡಿದು ಎತ್ತಿದರು. ಪದ್ಮಮ್ಮನವರ ಹಲ್ಲುಗಳು ಒಂದಕ್ಕೊಂದು ಬಡಿದವು. ಕಣ್ಣು ಮುಚ್ಚಿದ್ದರೂ ಎರಡು ಕೈಗಳು ಹೊರಬಂದು ಕೌದಿಯನ್ನು ಗಟ್ಟಿಯಾಗಿ ಹಿಡಿದವು. ಆ ಮುದಿಬೆರಳುಗಳಲ್ಲಿ ಅಷ್ಟು ಶಕ್ತಿಯಿದ್ದೀತೆಂದು ಯಾರೂ ಎಣಿಸಲಾರರು. ತಿರುಮಲಮ್ಮನವರು ಅಂಚನ್ನು ಬಿಟ್ಟರು. ತಮ್ಮ ಕಂಬಳಿಯನ್ನು ತಂದು ಕೌದಿಯ ಮೇಲೆ ಹಾಸಿದರು. ಮೇಲಿನದು ನಿಂತರೆ ಕೆಳಗಿನದನ್ನು ಮೆಲ್ಲಗೆ ಎಳೆದುಕೊಳ್ಳಬಹುದೆಂಬ ಲೆಕ್ಕ. ಕಂಬಳಿಯ ಕೂದಲು ಗಲ್ಲಕ್ಕೆ ಚುಚ್ಚಿದೊಡನೆ ಪದ್ಮಮ್ಮನವರು ಅದನ್ನು ಕಾಲಿನಿಂದ ಒದ್ದು ಕೆಡವಿದರು. ಒದೆಯಲು ತ್ರಾಣವಿದೆ, ಬದುಕಲು ಇಲ್ಲವೇ?

ಆ ಹೊತ್ತಿಗೆ ಉಸಿರು ಒಮ್ಮೆ ನಿಂತು ಮತ್ತೆ ಹೊರಟಿತು. ನಾಗರತ್ನಮ್ಮ ಬಟ್ಟಲು ಎತ್ತಿಕೊಂಡರು.

"ನಾರಾಯಣ, ನಾರಾಯಣ... ಬಾಯಿ ಬಿಡಿಸಿ ತಿರುಮಲಮ್ಮನೋರೇ."

ತಿರುಮಲಮ್ಮನವರು ಬಟ್ಟಲನ್ನು ಅವರ ಕೈಯಿಂದ ಕಿತ್ತುಕೊಂಡು, ತುಳಸಿದಳದ ಸಮೇತ ಒಂದೇ ಗುಟುಕಿನಲ್ಲಿ ತಾವೇ ಕುಡಿದುಬಿಟ್ಟರು.

"ಅಯ್ಯಯ್ಯೋ! ಅದು ಸಾಯೋರ ತೀರ್ಥ ಕಣ್ರೀ!"

"ಗೊತ್ತದ. ನಾನೂ ಸಾಯಲಿಕ್ಕೇ ಬಂದಾಕಿ." ಖಾಲಿ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡರು. "ವೆಂಕಟರಾಮಯ್ಯ ಬರೂತನಕಾ ಈಕಿಗಿ ಒಂದು ಹನಿನೂ ಬಿಡಬ್ಯಾಡ್ರಿ. ಬಿಟ್ಟೀರಂದ್ರ ನಾಳಿಂದ ನಿಮ್ಮ ರಜಾಯಿದಾಗ ನಾನು ಮಲಗ್ತೀನಿ."

ಕಾಶೀವಾಸಕ್ಕೆ ಬಂದವರು ವೈದ್ಯರನ್ನು ಕರೆಸುವುದಿಲ್ಲ. ಅದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಸಾವಿಗಾಗಿ ಸಾವಿರ ಮೈಲಿ ಬಂದು, ಬಾಗಿಲಿಗೆ ಬಂದ ಸಾವನ್ನು ಔಷಧಿ ಕೊಟ್ಟು ಓಡಿಸುವುದೆಂದರೆ ವಿಶ್ವನಾಥನನ್ನು ಕರೆದು ಅವಮಾನಿಸಿದ ಹಾಗೆ. ತಿರುಮಲಮ್ಮನವರು ತಮ್ಮ ಕಣ್ಣನ್ನೇ ಯಾರಿಗೂ ತೋರಿಸಿರಲಿಲ್ಲ. ಆ ತಿರುಮಲಮ್ಮನವರು ಈಗ ಬಂಗಾಲಿ ಟೋಲಾದ ಗಲ್ಲಿಯಲ್ಲಿ, ಗೋಡೆ ತಡವುತ್ತಾ, ಡಾಕ್ಟರ್ ಸಾನ್ಯಾಲರ ದವಾಖಾನೆಯ ಕಡೆಗೆ ನಡೆದಿದ್ದರು.

ಗಲ್ಲಿಯ ತಿರುವಿನಲ್ಲಿ ಗೂಳಿಯೊಂದು ಅಡ್ಡ ಮಲಗಿತ್ತು. ಅದನ್ನು ದಾಟುವಂತಿಲ್ಲ, ಎಬ್ಬಿಸುವಂತಿಲ್ಲ. "ಹಟೋ" ಎಂದರು, ಕೇಳಲಿಲ್ಲ. "ಏಳಪ್ಪಾ ನಂದಿ" ಎಂದು ಕನ್ನಡದಲ್ಲಿ ಬೇಡಿದರು. ಬಾಲ ಅಲ್ಲಾಡಿಸಿತು, ಅಷ್ಟೆ. ಸುತ್ತುಬಳಸಿ ಇನ್ನೊಂದು ಗಲ್ಲಿಯಿಂದ ಹೋಗುವಷ್ಟರಲ್ಲಿ ಡಾಕ್ಟರು ಊಟಕ್ಕೆ ಎದ್ದಿದ್ದರು. ಎರಡು ಗಂಟೆಯವರೆಗೆ ತಿರುಮಲಮ್ಮನವರು ಬೆಂಚಿನ ಮೇಲೆ ಕುಳಿತರು. ಗೋಡೆಯ ಗಡಿಯಾರದ ಮುಳ್ಳು ಕಾಣದ ಕಾರಣ, ಬಂದವರನ್ನೆಲ್ಲ "ಕಿತ್ನಾ ಬಜಾ?" ಎಂದು ಕೇಳಿ ಬೇಸರ ಹಿಡಿಸಿದರು.

ಸಾನ್ಯಾಲರು ಬಂದವರೇ, ಛತ್ರದವರು ಡಾಕ್ಟರನ್ನು ಕರೆಯುವುದುಂಟೇ ಎಂಬಂತೆ ಕನ್ನಡಕದ ಮೇಲಿಂದ ನೋಡಿದರು. "ಛತ್ರ ಸೇ? ವಹಾಂ ಸೇ ತೋ ಕೋಈ ಡಾಕ್ಟರ್ ನಹೀಂ ಬುಲಾತಾ."

"ಮೈ ಬುಲಾತಾ," ಎಂದರು ತಿರುಮಲಮ್ಮ. "ಜಲ್ದಿ ಚಲೋ."

"ಮಾತಾಜೀ, ಆಪ್ ಲೋಗ್ ತೋ ಯಹಾಂ ಮರ್ನೇ ಆತೇ ಹೈಂ."

"ಮರ್ನೇ ದೋ. ಆಜ್ ನಹೀ."

ಸಾಯಲೆಂದೇ ಬಂದವರು ಸಾಯುವುದಾದರೆ ಸಾಯಲಿ, ಈ ದಿನ ಬೇಡ. ಮೂವತ್ತು ವರ್ಷದ ವೃತ್ತಿಯಲ್ಲಿ ಇಂತಹ ಕೋರಿಕೆ ಕೇಳದಿದ್ದ ಸಾನ್ಯಾಲರು ಚೀಲ ಕೈಗೆತ್ತಿಕೊಂಡರು.

ಛತ್ರದ ಮೆಟ್ಟಿಲು ಹತ್ತುತ್ತಿದ್ದಾಗಲೇ ಮೇಲಿನಿಂದ ಮಂತ್ರದ ಗುನುಗು ಕೇಳಿಸಿತು. ಸಂದೇಶ ಹೋಗಿ ತಲುಪಿದ್ದರಿಂದ ವೆಂಕಟರಾಮಯ್ಯನವರು ಅರ್ಧ ಗಂಟೆ ಮೊದಲೇ ಬಂದಿದ್ದರು. ಪದ್ಮಮ್ಮನವರ ತಲೆದಿಂಬಿನ ಪಕ್ಕದಲ್ಲಿ ಕುಳಿತಿದ್ದಾರೆ. ಬಲಗೈಯ ಉದ್ಧರಣೆಯಲ್ಲಿ ತೀರ್ಥವಿದೆ. ಅದು ತುಟಿಯಿಂದ ನಾಲ್ಕು ಬೆರಳು ದೂರದಲ್ಲಿದೆ.

"ನಿಲ್ಲಸ್ರಿ!"

ಕೈ ನಿಂತಿತು. ವೆಂಕಟರಾಮಯ್ಯನವರು ತಲೆಯೆತ್ತಿ, ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಸಾನ್ಯಾಲರನ್ನು ಕಂಡರು.

"ಇದೇನಿದು? ಛತ್ರದೊಳಗೆ ಡಾಕ್ಟರು?"

"ತಿರುಮಲಮ್ಮನೋರು ತೀರ್ಥ ಕುಡಿದುಬಿಟ್ರು ಸ್ವಾಮಿ," ಎಂದು ನಾಗರತ್ನಮ್ಮ ಅಳುದನಿಯಲ್ಲಿ ದೂರಿದರು. "ಬಟ್ಟಲನ್ನೂ ಒಯ್ದರು!"

"ತಿರುಮಲಮ್ಮ, ನಿಮಗೆ ಬುದ್ಧಿ ನೆಟ್ಟಗಿದೆಯೇ? ಉತ್ತರಾಯಣ, ಶುಕ್ಲಪಕ್ಷ, ಕಾಶಿ. ಎಲ್ಲವೂ ಕೂಡಿಬಂದಿದೆ. ಏಕಾದಶಿಗೆ ಮೂರೇ ದಿನ. ಜೀವ ಅಲ್ಲಿಯವರೆಗೆ ತಡೆದರೆ ಇನ್ನೂ ಭಾಗ್ಯ. ಕೋಟಿಗೊಬ್ಬರಿಗೆ ಸಿಗುವುದಿಲ್ಲ ಇಂಥ ಸಾವು. ಅದಕ್ಕೆ ನೀವು ಅಡ್ಡ ಬರುತ್ತೀರಾ?"

"ಏಕಾದಶಿತನಕಾ ತಡೀಬೇಕಂದ್ರ ಔಷಧ ಬ್ಯಾಡೇನ್ರಿ?"

"ವಾದ ಮಾಡಬೇಡಿ. ಈಕೆಯ ಮೇಲಿನ ಪ್ರೀತಿಯಿಂದ ನೀವಿದನ್ನು ಮಾಡುತ್ತಿಲ್ಲ. ನನಗೆ ಗೊತ್ತಿಲ್ಲವೇ? ಆ ಚಿಂದಿಗಾಗಿ ಮಾಡುತ್ತಿದ್ದೀರಿ."

ಗರಗಸದ ಉಸಿರು ಎಳೆಯುತ್ತಲೇ ಇತ್ತು.

"ಹೌದ್ರಿ," ಎಂದರು ತಿರುಮಲಮ್ಮ. "ಕೌದಿಗಾಗೇ ಮಾಡೀನಿ. ಸುಳ್ಳ್ಯಾಕ ಹೇಳ್ಲಿ? ಮೂರು ತಿಂಗಳು ಕುರುಡುಗಣ್ಣೀಲೆ ಹೊಲದೀನಿ. ಇನ್ನೊಂದು ಹೊಲಿಯಾಕ ನನಗ ಕಣ್ಣಿಲ್ಲ. ಒಂದು ಎಮ್ಮಿಗಿ ಕೊಟ್ಟೀನಿ, ಸಾಕು. ಈಕಿ ಮುಕ್ತಿ ನಾಳೆನೂ ಸಿಗ್ತದ, ಮುಂದಿನ ವರ್ಷನೂ ಸಿಗ್ತದ. ಕಾಶಿ ಎಲ್ಲೆ ಓಡಿ ಹೋಗ್ತದ?"

"ಔಷಧಿ ಹಿಡಿಯದೆ ಈಕೆ ಈಗ ತೀರ್ಥವಿಲ್ಲದೆ ಹೋದರೆ? ಆ ಪಾಪ ಯಾರ ತಲೆಗೆ?"

"ನನ್ನ ತಲಿಗೆ. ಬರಕೋರಿ."

"ಪದ್ಮಮ್ಮನವರನ್ನೇ ಕೇಳೋಣ," ಎಂದರು ವೆಂಕಟರಾಮಯ್ಯನವರು, ತಮ್ಮ ಪಕ್ಷದ ಗೆಲುವಿನಲ್ಲಿ ಸಂಶಯವಿಲ್ಲದೆ. ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದರು: "ಪದ್ಮಮ್ಮ, ತೀರ್ಥ ಬೇಕೇನಮ್ಮ?"

ರೆಪ್ಪೆಗಳು ಅರ್ಧ ತೆರೆದವು. ತುಟಿ ಅಲುಗಿತು. ಮೂವರೂ ಬಾಗಿದರು.

"ಪಕ್ಕೆಗೆ... ಏನೋ ಚುಚ್ಚಿತು ಕಣ್ರೀ."

ಚುಚ್ಚಿದ್ದವರು ಸಾನ್ಯಾಲರು. ತಮಗೆ ಅರ್ಥವಾಗದ ಭಾಷೆಯ ಜಗಳ ಮುಗಿಯಲೆಂದು ಕಾಯುವ ತಾಳ್ಮೆ ಅವರಿಗಿರಲಿಲ್ಲ. ಎದೆಗೆ ಕೊಳವೆಯಿಟ್ಟು ಕೇಳಿ, ನಿಮೋನಿಯಾ ಎಂದು ತೀರ್ಮಾನಿಸಿ, ಕೌದಿಯ ಬದಿಯಿಂದ ಕೈತೂರಿಸಿ ಸೊಂಟಕ್ಕೆ ಪೆನಿಸಿಲಿನ್ ಕೊಟ್ಟಾಗಿತ್ತು. ದಿನಕ್ಕೆರಡರಂತೆ ಐದು ದಿನ ಕೊಡಬೇಕು, ಇವತ್ತಿನಿಂದ ನಾಲ್ಕನೆಯ ದಿನದೊಳಗೆ ಜ್ವರ ಇಳಿಯದಿದ್ದರೆ ತಮ್ಮನ್ನು ಕರೆಯುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಹೇಳಿ ಹೊರಟರು. ಹೇಗಿದ್ದರೂ ಏಕಾದಶಿಯ ಸಾವೇ ಮೇಲೆಂದು ವೆಂಕಟರಾಮಯ್ಯನವರು ತೀರ್ಥವನ್ನು ಪಾತ್ರೆಗೆ ಮರಳಿಸಿದರು.

"ನಾಲ್ಕನೆಯ ದಿನ ಏಕಾದಶಿ," ಎಂದರು ಬಾಗಿಲಲ್ಲಿ ನಿಂತು. "ಅವತ್ತು ಬೆಳಿಗ್ಗೆ ಬರುತ್ತೇನೆ. ಆಗ ತಡೆದರೆ ಈ ಛತ್ರದಲ್ಲಿ ನಿಮಗೆ ಜಾಗವಿಲ್ಲ."

ಕೌದಿಗಾಗಿ ಪಣಕ್ಕಿಟ್ಟದ್ದು ಈಗ ಬೆಳೆದಿತ್ತು. ಪದ್ಮಮ್ಮನವರು ತೀರ್ಥ ಸಿಗದೆ ಸತ್ತರೆ ಪಾಪ. ಏಕಾದಶಿಯಂದು ತೀರ್ಥ ಸಿಕ್ಕರೆ ಕೌದಿ ಹೋಯಿತು. ತಡೆದರೆ ಮನೆ ಹೋಯಿತು. ಮೂರರಿಂದಲೂ ತಪ್ಪಿಸಿಕೊಳ್ಳುವ ದಾರಿ ಒಂದೇ: ಈ ಮುದುಕಿ ಏಳಬೇಕು.

ಇಷ್ಟು ಸಿಟ್ಟಿನಿಂದ ಯಾರೂ ಯಾರನ್ನೂ ಆರೈಕೆ ಮಾಡಿರಲಿಕ್ಕಿಲ್ಲ. ಮೆಣಸು ಶುಂಠಿ ಕುದಿಸಿದ ಕಷಾಯವನ್ನು ತಿರುಮಲಮ್ಮನವರು ಮೂಗು ಹಿಡಿದು ಕುಡಿಸಿದರು. ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಪಾದಕ್ಕೆ ಒತ್ತರಿಸಿದರು. "ನುಂಗ್ರಿ. ನುಂಗ್ಬೇಕಂದ್ರ ನುಂಗ್ಬೇಕು. ಸಾಯೂ ಮಂದಿ ಹಿಂಗ ಹಟ ಮಾಡ್ತಾರೇನು?" ಎಂದು ಗದರಿದರು. ಬೆವರಿದಾಗ ಒರೆಸಿದರು, ಒರೆಸುತ್ತಾ ಬೈದರು. ನಾಗರತ್ನಮ್ಮನವರು ಮೊದಲ ದಿನ ಮುಖ ತಿರುಗಿಸಿಕೊಂಡೇ ಇದ್ದರು. ಎರಡನೆಯ ದಿನ ಇಟ್ಟಿಗೆ ಕಾಯಿಸಲು ತಾವೇ ಕೆಳಗಿಳಿದರು. ಹಿಂತಿರುಗಿದಾಗ ಒಂದು ಕೈಯಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ದಾರ ಪೋಣಿಸಿದ ಸೂಜಿ.

"ಆ ಹೊಟ್ಟೆ ತೆರೆದೇ ಇದೆಯಲ್ಲ. ಗಾಳಿ ನುಗ್ಗುತ್ತೆ ಕಣ್ರೀ."

ಹೀಗೆ ಕೌದಿಯ ಕೊನೆಯ ಗೇಣು, ಮಲಗಿದ್ದ ಪದ್ಮಮ್ಮನವರ ಹೊಟ್ಟೆಯ ಮೇಲೆಯೇ ಮುಗಿಯಿತು. ಒಣಗಿ ಹಪ್ಪಳದಂತಾಗಿದ್ದ ರೊಟ್ಟಿಯ ಚೂರನ್ನು ಒಳಗಿಟ್ಟು, ಕೆಳಗಿನ ಮೈಗೆ ತಾಗದಂತೆ ಎಡಗೈಯ ಬೆರಳುಗಳನ್ನು ಕೌದಿಯ ಅಡಿಯಲ್ಲಿ ಹಿಡಿದು ತಿರುಮಲಮ್ಮನವರು ಹೊಲಿದರು. ಸೂಜಿ ಅವರ ಬೆರಳಿಗೇ ಏಳು ಸಲ ಚುಚ್ಚಿತು. ಅಡಿಯಲ್ಲಿ ಉಸಿರು ಏರಿದಾಗ ಸೂಜಿಯೂ ಏರುತ್ತಿತ್ತು. ಇಳಿದಾಗ ಅದು ಮತ್ತೆ ಏರುತ್ತದೆಯೋ ಇಲ್ಲವೋ ಎಂದು ಕೈ ತಡೆಯುತ್ತಿತ್ತು.

ಮೂರನೆಯ ದಿನ ಜ್ವರ ಇನ್ನೂ ಏರಿತು. ಪದ್ಮಮ್ಮನವರು ಯಾರನ್ನೋ ಕರೆದರು, ಯಾವುದೋ ಹಸುವಿಗೆ ಹುಲ್ಲು ಹಾಕಲು ಹೇಳಿದರು. ಸಂಜೆ ಸಾನ್ಯಾಲರು ಚುಚ್ಚಿ ಹೋದರು. ತಿರುಮಲಮ್ಮನವರು ಗೋಡೆಗೆ ಒರಗಿ ಕುಳಿತು, ಹರಿಶ್ಚಂದ್ರ ಘಾಟಿನ ಕಡೆಯಿಂದ ಬರುತ್ತಿದ್ದ "ರಾಮ್ ನಾಮ್ ಸತ್ಯ ಹೈ" ಕೇಳುತ್ತಾ, ಇದು ಎಷ್ಟನೆಯದೆಂದು ಎಣಿಸತೊಡಗಿ, ಎಣಿಕೆ ಬಿಟ್ಟರು.

ಏಕಾದಶಿಯ ಬೆಳಿಗ್ಗೆ ವೆಂಕಟರಾಮಯ್ಯನವರು ಮಡಿಯುಟ್ಟು, ಬೆಳ್ಳಿಯ ಪಾತ್ರೆ ಹಿಡಿದು, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸದ್ದಿರಲಿಲ್ಲ, ಗರಗಸವೂ ನಿಂತಿತ್ತು. "ಶಿವ ಶಿವಾ," ಎಂದು ಅವರು ಒಳಗೆ ಕಾಲಿಟ್ಟರು.

ಗೋಡೆಗೊರಗಿದ್ದ ತಿರುಮಲಮ್ಮನವರಿಗೆ ಬಾಯಿ ತೆರೆದು ನಿದ್ದೆ ಹತ್ತಿತ್ತು. ನಾಗರತ್ನಮ್ಮನವರಿಗೂ ಹತ್ತಿತ್ತು. ಕೋಣೆಯಲ್ಲಿ ಎಚ್ಚರವಾಗಿದ್ದವರು ಪದ್ಮಮ್ಮನವರೊಬ್ಬರೇ. ಕೌದಿಯನ್ನು ಮೊಣಕಾಲಿನವರೆಗೆ ಸರಿಸಿ, ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ 'ಶ್' ಎಂದರು.

"ಮೆತ್ತಗೆ ಬನ್ನಿ ಸ್ವಾಮಿ. ಎದ್ದರೆ ಮತ್ತೆ ಕಷಾಯ ಕುಡಿಸ್ತಾಳೆ."

ಬದುಕಿದ್ದಕ್ಕೆ ಪದ್ಮಮ್ಮನವರು ಕೃತಜ್ಞರಾದರೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ಏನೇನಾಯಿತೆಂಬುದನ್ನು ನಾಗರತ್ನಮ್ಮನವರ ಬಾಯಿಂದ ಕೇಳಿದ ದಿನವೇ ಅವರು ತಿರುಮಲಮ್ಮನವರೊಡನೆ ಮಾತು ಬಿಟ್ಟರು. ಉತ್ತರಾಯಣದ ಏಕಾದಶಿ! ಡಾಕ್ಟರನ್ನು ಕರೆಸಿ ಕೈತಪ್ಪಿಸಿದಳು! ಬಂದವರಿಗೆಲ್ಲ ಇದೇ ಗೋಳು. ತಿರುಮಲಮ್ಮನವರು ತಲೆ ಕೆಡಿಸಿಕೊಳ್ಳಲಿಲ್ಲ. ತೀರ್ಥ ಬಿದ್ದಿಲ್ಲ, ಆದ್ದರಿಂದ ಕೌದಿ ಘಾಟಿನದಲ್ಲವೆಂದು ವೆಂಕಟರಾಮಯ್ಯನವರೂ ಗೊಣಗುತ್ತಾ ಒಪ್ಪಬೇಕಾಯಿತು. ಕಷಾಯದ ಕಲೆ, ಬೆವರಿನ ವಾಸನೆ ಹೋಗಲೆಂದು ತಿರುಮಲಮ್ಮನವರು ಕೌದಿಯನ್ನು ಗಂಗೆಗೆ ಹೊತ್ತೊಯ್ದರು. ನೀರು ಕುಡಿದ ಕೌದಿ ಎಳೆದರೆ ಬರಲಿಲ್ಲ. ಇಬ್ಬರು ನಾವಿಕರು ಹಿಡಿದು ಎಳೆದು ಮೆಟ್ಟಿಲ ಮೇಲೆ ಹಾಕಿದರು. ಒಣಗಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಕೋತಿಗಳಿಗೆ ಹೆದರಿ, ಕೋಲು ಹಿಡಿದು ಮಾಳಿಗೆಯಲ್ಲೇ ಕೂತರು.

ಐದನೆಯ ದಿನ ಮಧ್ಯಾಹ್ನ, ಹಿತವಾದ ಬಿಸಿಲಿನಲ್ಲಿ, ಚಾಪೆ ಹಾಸಿ, ಅವರು ಮೊದಲ ಬಾರಿ ತಮ್ಮ ಕೌದಿಯನ್ನು ತಾವೇ ಹೊದ್ದರು. ಗಲ್ಲದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದರು.

ಮೆಟ್ಟಿಲಲ್ಲಿ ಕೋಲಿನ ಸದ್ದು. ಹತ್ತು ಹೆಜ್ಜೆಗೊಮ್ಮೆ ನಿಂತು, ಏದುಸಿರು ಬಿಟ್ಟು, ಪದ್ಮಮ್ಮನವರು ಮೇಲೆ ಬಂದರು. ಚಾಪೆಯ ಪಕ್ಕದಲ್ಲಿ ನಿಂತರು.

"ನನಗೆ ಚಳಿ," ಎಂದರು ಕೊನೆಗೆ. ಎಂಟು ದಿನಗಳ ಮೇಲೆ ಆಡಿದ ಮೊದಲ ಮಾತು.

"ಬಿಸಿಲದ, ಕುಂದರ್‍ರಿ."

"ಮೋಕ್ಷ ತಪ್ಪಿಸಿದೋರು ಒಂದು ಅಂಚಾದ್ರೂ ಕೊಡಬೇಡ್ವೆ?"

ತಿರುಮಲಮ್ಮನವರು ಕಣ್ಣು ತೆರೆಯದೆ ಒಂದು ಗೇಣು ಸರಿದರು. ಪದ್ಮಮ್ಮನವರು ನರಳುತ್ತಾ ಕುಳಿತು, ಕಾಲು ಚಾಚಿ, ಅಂಚನ್ನು ತಮ್ಮ ಕಡೆಗೆ ಎಳೆದುಕೊಂಡರು. ಗೇಣಿಗಿಂತ ಹೆಚ್ಚೇ ಎಳೆದುಕೊಂಡರು.

"ನಿಮಗೂ ಒಂದು ದಿನ ಬರುತ್ತೆ ತಿರುಮಲಮ್ಮನೋರೇ. ಒಳ್ಳೇ ಮುಹೂರ್ತ ನೋಡಿಕೊಂಡು ಹೊರಟಿರ್ತೀರಿ. ಆಗ ನಾನೂ ಆ ಬಂಗಾಳಿ ಡಾಕ್ಟರನ್ನ ಕರೆಸ್ತೀನಿ. ಕರೆಸದಿದ್ರೆ ಕೇಳಿ."

"ಕರಸ್ರಿ, ಬ್ಯಾಡನ್ನೂದಿಲ್ಲ." ತಿರುಮಲಮ್ಮನವರು ಕೌದಿಯನ್ನು ತಮ್ಮ ಕಡೆಗೆ ಮರಳಿ ಎಳೆದರು. "ಮದಲs ಕೌದಿ ತಗದಿಡ್ರಿ. ಬೆವರು ಹತ್ತಿದ್ರ ಒಗಿಯಾಕಿ ನೀವs."